ಸಂಘದ ಮಾತು ಊರ ಮಾತಾದ ಬಗೆ

ಸಂಘ ಕಟ್ಟುವುದರಲ್ಲಿ ನಮ್ಮ ಜನ ಯಾರಿಗೂ ಹಿಂದೆ ಬಿದ್ದವರಲ್ಲ. ಬಡಾವಣೆಗೊಂದು ವಾಚನಾಲಯ, ಊರಿಗೊಂದು ಉಚಿತ ವಿದ್ಯಾರ್ಥಿನಿಲಯ, ಅಂಧರ ಶಾಲೆ, ಅನಾಥಾಲಯ, ಮಹಿಳಾ ಸಮಾಜ, ಕೆರೆಯ ಹೂಳೆತ್ತುವ ಮಂಡಲಿ. ಇವುಗಳಲ್ಲಿ ಕೆಲವು ನೆಪಮಾತ್ರಕ್ಕೆ ಇರುವುದುಂಟು. ಆದರೆ ಬಹಳಷ್ಟರ ಹಿಂದೆ, ಸಂಬಳವಿಲ್ಲದೆ ದುಡಿಯುವ ನಾಲ್ಕಾರು ಮಂದಿ ನಿಜವಾದ ಸಜ್ಜನರು ಇದ್ದೇ ಇರುತ್ತಾರೆ. ಕನ್ನಡ ಮೇಷ್ಟರಾದವರಿಗೆ ಇಂಥ ಸಜ್ಜನರ ಪರಿಚಯ ಒಂದು ವಿಶೇಷವಾದ ದಾರಿಯಿಂದ ಆಗುತ್ತದೆ. ಸಂಘದ ವಾರ್ಷಿಕ ವರದಿಯನ್ನೋ ಸಹಾಯಾರ್ಥ ಮನವಿಯನ್ನೋ ಹಿಡಿದುಕೊಂಡು ಬಂದು, “ಸ್ವಲ್ಪ ಭಾಷೆ ತಿದ್ದಿಕೊಡಿ ಸಾರ್” ಎನ್ನುತ್ತಾರೆ. ನಾನೂ ಎಷ್ಟೋ ವರ್ಷಗಳಿಂದ ತಿದ್ದಿಕೊಡುತ್ತ ಬಂದಿದ್ದೇನೆ.

ಆ ಮನವಿಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಎಲ್ಲವೂ ‘ಉದಾರಹೃದಯರಾದ ಮಹಾಜನಗಳಲ್ಲಿ ವಿಜ್ಞಾಪನೆ’ ಎಂದು ಆರಂಭವಾಗುತ್ತವೆ. ‘ತನು ಮನ ಧನಗಳಿಂದ ಸಹಕರಿಸಬೇಕಾಗಿ ಪ್ರಾರ್ಥನೆ’ ಎಂದು ಮುಗಿಯುತ್ತವೆ. ನಡುವೆ ಇರುವುದು ಧ್ಯೇಯ, ಆದರ್ಶ, ಸರ್ವತೋಮುಖ ಅಭಿವೃದ್ಧಿ. ಅಂಧರ ಶಾಲೆಯ ಮನವಿಯನ್ನು ಹೆಸರು ಬದಲಿಸಿ ಕೆರೆಯ ಮಂಡಲಿಗೆ ಕೊಟ್ಟರೂ ನಡೆದೀತು. ಕಾಗುಣಿತ ತಿದ್ದಿದ ಮಾತ್ರಕ್ಕೆ ಇದರ ಕೊರತೆ ನೀಗುವುದಿಲ್ಲ. ಮನವಿ ಫಲಿಸದಿದ್ದಾಗ “ಜನರಿಗೆ ಮರುಕವೇ ಇಲ್ಲ” ಎಂದು ಕಾರ್ಯದರ್ಶಿಗಳು ನಿಟ್ಟುಸಿರು ಬಿಡುತ್ತಾರೆ. ಜನಕ್ಕೆ ಮರುಕವಿಲ್ಲವೋ, ಮರುಕ ಹುಟ್ಟುವಂತೆ ಹೇಳುವುದು ನಮಗೆ ತಿಳಿದಿಲ್ಲವೋ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಇನ್ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಹುಟ್ಟಿದ ಒಂದು ಪುಟ್ಟ ಸಂಘದ ಚರಿತ್ರೆಯನ್ನು ನೋಡಬೇಕು. ಅದರ ಸದಸ್ಯರು ಹನ್ನೆರಡೇ ಮಂದಿ. ಅವರು ಎದುರು ಹಾಕಿಕೊಂಡದ್ದು ಆ ಕಾಲದ ಅತ್ಯಂತ ಲಾಭದಾಯಕವಾದ ವ್ಯಾಪಾರಗಳಲ್ಲೊಂದನ್ನು: ಮನುಷ್ಯರ ವ್ಯಾಪಾರವನ್ನು.

ಆಫ್ರಿಕದ ಕರಾವಳಿಯಿಂದ ಜನರನ್ನು ಹಿಡಿದು ತಂದು ಅಟ್ಲಾಂಟಿಕ್ ಸಾಗರದಾಚೆ ಮಾರುವ ಈ ವ್ಯಾಪಾರ ಒಂದೆರಡು ದಿನದ್ದಲ್ಲ. ಮೂರೂವರೆ ಶತಮಾನಗಳಲ್ಲಿ ಐರೋಪ್ಯರ ಹಡಗುಗಳನ್ನೇರಿದ ಆಫ್ರಿಕನರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮೀರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇದರ ಬಹುದೊಡ್ಡ ಪಾಲು ಇಂಗ್ಲಿಷರದು. ಲಿವರ್‌ಪೂಲು, ಬ್ರಿಸ್ಟಲು, ಲಂಡನ್ನು ಈ ಮೂರು ಬಂದರುಗಳು ಇದರಿಂದ ಕೊಬ್ಬಿದವು. ಆದರೆ ಇಂಗ್ಲೆಂಡಿನ ಸಾಮಾನ್ಯ ಗೃಹಸ್ಥ ಇದಾವುದನ್ನೂ ಕಣ್ಣಾರೆ ಕಂಡವನಲ್ಲ. ಹಡಗು ಇಂಗ್ಲೆಂಡಿನಿಂದ ಬಟ್ಟೆ, ಬಂದೂಕು, ಹಿತ್ತಾಳೆ ಸಾಮಾನು ತುಂಬಿಕೊಂಡು ಹೊರಡುತ್ತಿತ್ತು. ಸಕ್ಕರೆ ತುಂಬಿಕೊಂಡು ಹಿಂತಿರುಗುತ್ತಿತ್ತು. ನಡುವಿನ ಪಯಣದಲ್ಲಿ ಅದರ ಒಡಲಲ್ಲಿ ಏನಿತ್ತೆಂಬುದು ಸಾವಿರಾರು ಮೈಲಿ ದೂರದ ಮಾತು. ಅವನಿಗೆ ಕಂಡದ್ದು ಚಹದ ಬಟ್ಟಲಿನಲ್ಲಿ ಕರಗುತ್ತಿದ್ದ ಸಕ್ಕರೆ ಮಾತ್ರ. ದೂರದ ದುಃಖವನ್ನು ಹತ್ತಿರಕ್ಕೆ ತರುವುದು ಹೇಗೆ ಎಂಬುದೇ ಸಂಘದ ಮುಂದಿದ್ದ ಸಮಸ್ಯೆ.

ಈ ಪಾಪವನ್ನು ಕುರಿತು ಮೊದಲು ಬಾಯಿಬಿಟ್ಟವರು ಇವರೇ ಎಂದಲ್ಲ. ಕ್ವೇಕರರೆಂಬ ಕ್ರೈಸ್ತ ಪಂಥದವರು 1783ರಲ್ಲಿಯೇ ಪಾರ್ಲಿಮೆಂಟಿಗೆ ಬಿನ್ನವತ್ತಳೆ ಸಲ್ಲಿಸಿದ್ದರು. ಕರಪತ್ರವನ್ನು ಅಚ್ಚು ಹಾಕಿಸಿ ಸಾವಿರಾರು ಪ್ರತಿಗಳನ್ನು ಹಂಚಿದ್ದರು. ಪಾರ್ಲಿಮೆಂಟಿನ ಸದಸ್ಯರು ಅದನ್ನು ಸೌಜನ್ಯದಿಂದ ಸ್ವೀಕರಿಸಿ ಬದಿಗಿಟ್ಟರು. ಕ್ವೇಕರರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ. ಆದರೆ ಅವರ ಉಡುಪು ಬೇರೆ, ಮಾತಿನ ರೀತಿ ಬೇರೆ. ರಾಜನ ಮುಂದೆಯೂ ಟೋಪಿ ತೆಗೆಯದ ಜನ. ಅವರು ಹೇಳಿದ್ದು ನಿಜವೆಂದು ಒಪ್ಪುತ್ತಲೇ, ‘ಅದು ಅವರ ಪಂಥದ ಮಾತು’ ಎಂದು ತಳ್ಳಿಹಾಕುವುದು ಲೋಕಕ್ಕೆ ಸುಲಭವಾಗಿತ್ತು. ಒಳ್ಳೆಯ ಸಂಘಗಳು ಪದೇಪದೇ ಬೀಳುವ ಹಳ್ಳ ಇದು: ತಮ್ಮವರಿಗೆ ಅರ್ಥವಾಗುವ ಮಾತನ್ನು ಊರಿಗೆಲ್ಲ ಅರ್ಥವಾಗುವ ಮಾತೆಂದು ತಿಳಿಯುವುದು.

1787ನೆಯ ಮೇ 22ರಂದು ಲಂಡನ್ನಿನ ಜಾರ್ಜ್ ಯಾರ್ಡ್ ಎಂಬ ಕೇರಿಯಲ್ಲಿ, ಜೇಮ್ಸ್ ಫಿಲಿಪ್ಸ್ ಎಂಬ ಪುಸ್ತಕ ವ್ಯಾಪಾರಿಯ ಅಚ್ಚುಕೂಟದಲ್ಲಿ ಹನ್ನೆರಡು ಮಂದಿ ಸೇರಿದರು. ಸಂಘ ಹುಟ್ಟಿದ್ದೇ ಅಚ್ಚಿನ ಮೊಳೆಗಳ ನಡುವೆ ಎಂಬುದು ಗಮನಿಸತಕ್ಕ ವಿಷಯ. ಹನ್ನೆರಡರಲ್ಲಿ ಒಂಬತ್ತು ಮಂದಿ ಕ್ವೇಕರರು. ಆದರೆ ಹಿಂದಿನ ಅನುಭವ ಅವರಿಗೆ ಪಾಠ ಕಲಿಸಿತ್ತು. ಅಧ್ಯಕ್ಷ ಪದವಿಗೆ ತಮ್ಮ ಪಂಥದವನಲ್ಲದ ಗ್ರಾನ್‌ವಿಲ್ ಶಾರ್ಪ್‌ನನ್ನು ಕೂರಿಸಿದರು. ಲೆಕ್ಕಪತ್ರವನ್ನು ಬ್ಯಾಂಕು ವ್ಯವಹಾರ ಬಲ್ಲ ಸಾಮ್ಯುಯಲ್ ಹೋರ್‌ಗೆ ಒಪ್ಪಿಸಿದರು. ಊರೂರು ಸುತ್ತಿ ಮಾಹಿತಿ ಕೂಡಿಸುವ ಕೆಲಸವನ್ನು ಟಾಮಸ್ ಕ್ಲಾರ್ಕ್‌ಸನ್ ಎಂಬ ಇಪ್ಪತ್ತೇಳು ವರ್ಷದ ತರುಣನಿಗೆ ವಹಿಸಿದರು.

ಈ ಕ್ಲಾರ್ಕ್‌ಸನ್ನನ ಕತೆ ಅಧ್ಯಾಪಕರಾದವರಿಗೆ ಅಚ್ಚುಮೆಚ್ಚಾಗುವಂಥದು. 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಲ್ಯಾಟಿನ್ ಪ್ರಬಂಧ ಸ್ಪರ್ಧೆಗೆ, ‘ಒಪ್ಪದವರನ್ನು ಗುಲಾಮರನ್ನಾಗಿ ಮಾಡುವುದು ನ್ಯಾಯವೇ?’ ಎಂಬ ವಿಷಯ ಕೊಟ್ಟರು. ಕ್ಲಾರ್ಕ್‌ಸನ್ ಬರೆದದ್ದು ಬಹುಮಾನದ ಆಸೆಯಿಂದ, ಬಹುಮಾನವೂ ಬಂದಿತು. ಆದರೆ ಪ್ರಬಂಧಕ್ಕಾಗಿ ಓದಿದ ಸಂಗತಿಗಳು ಅವನನ್ನು ಬಿಡಲಿಲ್ಲ. ಲಂಡನ್ನಿಗೆ ಕುದುರೆಯ ಮೇಲೆ ಹೋಗುತ್ತಿದ್ದವನು ವೇಡ್ಸ್‌ಮಿಲ್ ಎಂಬ ಹಳ್ಳಿಯ ಬಳಿ ಇಳಿದು ದಾರಿಯ ಪಕ್ಕ ಕುಳಿತನಂತೆ. ತಾನು ಬರೆದದ್ದು ನಿಜವಾಗಿದ್ದರೆ ಯಾರಾದರೊಬ್ಬರು ಇದಕ್ಕೆ ಕೊನೆ ಕಾಣಿಸಲೇಬೇಕಲ್ಲ ಎಂಬ ಯೋಚನೆ ಅಲ್ಲಿ ಬಂದಿತೆಂದು ಅವನೇ ಮುಂದೆ ಬರೆದಿದ್ದಾನೆ. ಪರೀಕ್ಷೆ ಮುಗಿದ ಮೇಲೆ ಪ್ರಬಂಧವನ್ನು ಮರೆಯುವುದು ನಮ್ಮೆಲ್ಲರ ಪದ್ಧತಿ. ಅವನು ಮರೆಯಲಿಲ್ಲ. ಲ್ಯಾಟಿನ್ನಿನಲ್ಲಿದ್ದರೆ ಪಂಡಿತರು ಮಾತ್ರ ಓದುವರೆಂದು ಅದನ್ನು ಇಂಗ್ಲಿಷಿಗೆ ತಿರುಗಿಸಿ 1786ರಲ್ಲಿ ಅದೇ ಫಿಲಿಪ್ಸನಿಂದ ಅಚ್ಚು ಹಾಕಿಸಿದ. ಸಂಘ ಹುಟ್ಟಿದ ಮೇಲೆ ಅದೂ ಉದ್ದವಾಯಿತೆಂದು, ಕೆಲಸದಲ್ಲಿ ಮುಳುಗಿದವನೂ ಒಂದು ಸಲ ಕುಳಿತು ಓದಿ ಮುಗಿಸಬಹುದಾದ ಚಿಕ್ಕ ಹೊತ್ತಗೆಯೊಂದನ್ನು ಬರೆದುಕೊಟ್ಟ. ಪಾಂಡಿತ್ಯದಿಂದ ಪುಸ್ತಕಕ್ಕೆ, ಪುಸ್ತಕದಿಂದ ಕರಪತ್ರಕ್ಕೆ ಅವನು ಇಳಿದು ಬಂದ ಈ ಮೂರು ಮೆಟ್ಟಿಲುಗಳನ್ನು ಪ್ರತಿಯೊಂದು ಸಂಘದ ಬರಹಗಾರನೂ ನೆನಪಿನಲ್ಲಿಡಬೇಕು.

ಮೊದಲ ಕೂಟಗಳಲ್ಲಿಯೇ ಒಂದು ಕಠಿಣವಾದ ಚರ್ಚೆ ನಡೆಯಿತು. ನಾವು ಕೇಳಬೇಕಾದದ್ದು ಏನನ್ನು? ಗುಲಾಮಗಿರಿಯೇ ತೊಲಗಲಿ ಎಂದೋ, ಗುಲಾಮರ ಸಾಗಣೆ ನಿಲ್ಲಲಿ ಎಂದೋ? ಅಧ್ಯಕ್ಷ ಶಾರ್ಪ್‌ನಿಗೆ ಗುಲಾಮಗಿರಿಯ ಬೇರನ್ನೇ ಕೀಳಬೇಕೆಂಬ ಹಟ. ಉಳಿದವರು, ಎರಡನ್ನೂ ಒಮ್ಮೆಗೇ ಕೇಳಿದರೆ ಒಂದೂ ಸಿಗದು, ಸಾಗಣೆ ನಿಂತರೆ ತೋಟದ ಒಡೆಯರು ಇರುವ ಆಳುಗಳನ್ನಾದರೂ ಸರಿಯಾಗಿ ನೋಡಿಕೊಂಡಾರು ಎಂದರು. ಅವರ ಮಾತೇ ನಿಂತಿತು. ಸಂಘದ ಹೆಸರಿನಲ್ಲಿಯೇ ಆ ಒಂದು ಬೇಡಿಕೆ ಸೇರಿತು. ಇದು ಸರಿಯಾದ ನಿರ್ಧಾರವೋ ಅಲ್ಲವೋ ಎಂಬುದನ್ನು ಮುಂದೆ ನೋಡೋಣ. ಒಂದು ಗುಣವನ್ನಂತೂ ಅಲ್ಲಗಳೆಯಲಾಗದು: ಆ ಸಂಘ ಏನು ಕೇಳುತ್ತಿದೆ ಎಂದು ಇಂಗ್ಲೆಂಡಿನ ಯಾವ ಚಮ್ಮಾರನನ್ನು ಕೇಳಿದ್ದರೂ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದ.

ಬೇಡಿಕೆ ಸ್ಪಷ್ಟವಾದ ಮೇಲೆ ಸಾಕ್ಷ್ಯ ಬೇಕಲ್ಲ. ಕ್ಲಾರ್ಕ್‌ಸನ್ ಕುದುರೆ ಏರಿದ. ಮುಂದಿನ ಏಳು ವರ್ಷಗಳಲ್ಲಿ ಅವನು ಸುತ್ತಿದ್ದು ಸುಮಾರು 35,000 ಮೈಲಿ. ಬ್ರಿಸ್ಟಲು, ಲಿವರ್‌ಪೂಲುಗಳಲ್ಲಿ ಹಡಗುಕಟ್ಟೆಯ ಹೆಂಡದಂಗಡಿಗಳಲ್ಲಿ ಕುಳಿತು ನಾವಿಕರ ಮಾತು ಕೇಳಿದ. ಗುಲಾಮ ವ್ಯಾಪಾರವು ಇಂಗ್ಲೆಂಡಿನ ನಾವಿಕರನ್ನು ತಯಾರು ಮಾಡುವ ಗರಡಿ, ಅದು ನಿಂತರೆ ನೌಕಾಬಲ ಕುಂದುತ್ತದೆ ಎಂಬುದು ವ್ಯಾಪಾರಿಗಳ ಮುಖ್ಯ ವಾದ. ಕ್ಲಾರ್ಕ್‌ಸನ್ ಈ ವಾದಕ್ಕೆ ಧರ್ಮಶಾಸ್ತ್ರದಿಂದ ಉತ್ತರ ಹೇಳಲಿಲ್ಲ. ಬಂದರಿನ ಕಚೇರಿಗೆ ಹೋಗಿ ಹಡಗುಗಳ ಹಾಜರಿ ಪಟ್ಟಿಗಳನ್ನು ನಕಲು ಮಾಡಿಕೊಂಡ. ಯಾರು ಹೋದರು, ಯಾರು ಬಂದರು, ಯಾರು ಬರಲಿಲ್ಲ? ಬ್ರಿಸ್ಟಲಿನ ಮೂರು ಗುಲಾಮ ಹಡಗುಗಳಲ್ಲಿ ಸತ್ತವರು, ಅದೇ ಅವಧಿಯಲ್ಲಿ ಆ ಬಂದರಿನ ಉಳಿದೆಲ್ಲ ಹಡಗುಗಳಲ್ಲಿ ಸತ್ತವರಿಗಿಂತ ಹೆಚ್ಚು ಎಂದು ತೋರಿಸಿಕೊಟ್ಟ. ಅದು ಗರಡಿಯಲ್ಲ, ಮಸಣ. ಆಫ್ರಿಕದವನಿಗಾಗಿ ಕರಗದ ಮನಸ್ಸೂ ತನ್ನ ಊರಿನ ನಾವಿಕನಿಗಾಗಿ ಕರಗಿತು. ಎದುರಾಳಿಯ ಕಣಜದ ಲೆಕ್ಕದಿಂದಲೇ ಎದುರಾಳಿಯನ್ನು ಕಟ್ಟಿಹಾಕಿದ ಜಾಣತನ ಇದು.

ಲಿವರ್‌ಪೂಲಿನ ಅಂಗಡಿಯೊಂದರ ಕಿಟಕಿಯಲ್ಲಿ ಕೈಕೋಳ, ಕಾಲುಬೇಡಿ, ಹೆಬ್ಬೆರಳು ಹಿಂಡುವ ತಿರುಪು ಇವುಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಕತ್ತರಿಯಂಥ ಇನ್ನೊಂದು ಉಪಕರಣವೂ ಇತ್ತು. ಹಡಗಿನಲ್ಲಿ ಅನ್ನ ಮುಟ್ಟದೆ ಸಾಯಲು ಹೊರಟವರ ಬಾಯನ್ನು ಬಲವಂತದಿಂದ ತೆರೆಯುವುದಕ್ಕೆ ಎಂದು ಅಂಗಡಿಯವನು ವಿವರಿಸಿದ. ಕ್ಲಾರ್ಕ್‌ಸನ್ ಅವನ್ನೆಲ್ಲ ಕೊಂಡುಕೊಂಡ. ಹೋದ ಕಡೆಯಲ್ಲೆಲ್ಲ ಮೇಜಿನ ಮೇಲೆ ಅವುಗಳನ್ನು ಇಡುವನು. ಇನ್ನೊಂದು ಪೆಟ್ಟಿಗೆಯಲ್ಲಿ ಆಫ್ರಿಕದ ದಂತ, ಮರ, ಮೆಣಸು, ಅಲ್ಲಿಯವರು ನೇಯ್ದ ಬಟ್ಟೆ. ಒಂದು ಕೈಯಲ್ಲಿ ಕೋಳ, ಇನ್ನೊಂದು ಕೈಯಲ್ಲಿ ಬಟ್ಟೆ. ಇಂಥದನ್ನು ನೇಯಬಲ್ಲವರನ್ನು ಇಂಥದರಿಂದ ಕಟ್ಟುತ್ತೇವೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಆ ವ್ಯಾಪಾರದ ಬದಲು ಬೇರೆ ವ್ಯಾಪಾರ ಸಾಧ್ಯವೆಂಬುದನ್ನೂ ಅದೇ ಪೆಟ್ಟಿಗೆ ಹೇಳುತ್ತಿತ್ತು. ‘ಇದು ಬೇಡ’ ಎನ್ನುವವನು ‘ಮತ್ತೇನು?’ ಎಂಬ ಪ್ರಶ್ನೆಗೆ ಸಿದ್ಧನಾಗಿರಬೇಕೆಂದು ಅವನಿಗೆ ತಿಳಿದಿತ್ತು. ಇದರಿಂದ ಅವನ ಮೇಲೆ ಎಷ್ಟು ಸಿಟ್ಟು ಹುಟ್ಟಿತೆಂದರೆ, ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಒಂದು ಗುಂಪು ಅವನನ್ನು ಸಮುದ್ರಕ್ಕೆ ನೂಕಲು ನೋಡಿತು. ಅವನು ಮೈಕೈ ಗಟ್ಟಿಯಾಗಿದ್ದವನಾದ್ದರಿಂದ ಬದುಕಿಕೊಂಡ.

ಸಂಘಕ್ಕೆ ನೆರವಾಗಲು ಬಂದವರಲ್ಲಿ ಪಿಂಗಾಣಿ ಪಾತ್ರೆಗಳ ಪ್ರಸಿದ್ಧ ತಯಾರಕ ಜೋಸಾಯ ವೆಜ್‌ವುಡ್ ಒಬ್ಬ. ಸಂಘದ ಮುದ್ರೆಗಾಗಿ, ಬೇಡಿ ತೊಟ್ಟು ಮಂಡಿಯೂರಿ ಕೈಮುಗಿದ ಆಫ್ರಿಕದ ಮನುಷ್ಯನೊಬ್ಬನ ಚಿತ್ರ ಸಿದ್ಧವಾಗಿತ್ತು. ಸುತ್ತ ಒಂದು ಪ್ರಶ್ನೆ: ‘ನಾನೂ ಮನುಷ್ಯನಲ್ಲವೆ? ನಿಮ್ಮ ಸೋದರನಲ್ಲವೆ?’ ವೆಜ್‌ವುಡ್ ತನ್ನ ಕಾರ್ಖಾನೆಯಲ್ಲಿ ಅದನ್ನು ಬಿಳಿಯ ಬಿಲ್ಲೆಯ ಮೇಲೆ ಕಪ್ಪಾಗಿ ಎದ್ದು ಕಾಣುವಂತೆ ಮಾಡಿಸಿ ಹಂಚಿದ. 1788ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನಿಗೂ ಕೆಲವನ್ನು ಕಳುಹಿಸಿದ. ಅತ್ಯುತ್ತಮವಾಗಿ ಬರೆದ ಕರಪತ್ರಕ್ಕೆ ಇರುವಷ್ಟೇ ಪರಿಣಾಮ ಇದಕ್ಕೂ ಇದ್ದೀತೆಂದು ಫ್ರಾಂಕ್ಲಿನ್ ಉತ್ತರ ಬರೆದ. ಗಂಡಸರು ನಶ್ಯದ ಡಬ್ಬಿಯ ಮುಚ್ಚಳದಲ್ಲಿ ಅದನ್ನು ಕೂರಿಸಿಕೊಂಡರು. ಹೆಂಗಸರು ಕಡಗದಲ್ಲಿ, ತಲೆಗೂದಲ ಸೂಜಿಯಲ್ಲಿ ಧರಿಸಿದರು. ನಶ್ಯದ ಡಬ್ಬಿ ತೆಗೆದಾಗಲೆಲ್ಲ ಎದುರಿಗಿದ್ದವನು “ಇದೇನು?” ಎಂದು ಕೇಳುತ್ತಾನೆ, ಸಂಘದ ಸಭೆ ಅಲ್ಲೇ ಆರಂಭವಾಗುತ್ತದೆ.

ಬಿಲ್ಲೆ ಮನಸ್ಸನ್ನು ಮುಟ್ಟಿದರೆ, ಬುದ್ಧಿಯನ್ನು ಮುಟ್ಟಿದ್ದು ಒಂದು ನಕ್ಷೆ. ಲಿವರ್‌ಪೂಲಿನಲ್ಲಿ ಬ್ರೂಕ್ಸ್ ಎಂಬ ಹಡಗಿತ್ತು. 1788ರಲ್ಲಿ ಸರಕಾರವೇ ನೌಕಾಪಡೆಯ ಅಧಿಕಾರಿಯೊಬ್ಬನನ್ನು ಕಳುಹಿಸಿ ಗುಲಾಮ ಹಡಗುಗಳನ್ನು ಅಳೆಸಿದಾಗ ಅದರ ಅಳತೆಯೂ ದಾಖಲಾಯಿತು. ಸಂಘದ ಪ್ಲಿಮತ್ ಶಾಖೆಯವರಿಗೆ ಆ ಅಳತೆಗಳನ್ನು ಚಿತ್ರವಾಗಿ ತೋರಿಸುವ ಯೋಚನೆ ಹೊಳೆಯಿತು. 1789ರಲ್ಲಿ ಲಂಡನ್ನಿನವರು ಅದನ್ನು ವಿಸ್ತರಿಸಿ ಏಳು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಹಡಗಿನ ತಳದ ಅಂತಸ್ತುಗಳನ್ನು ಮೇಲಿನಿಂದ ನೋಡಿದಂತೆ ಬರೆದ ನಕ್ಷೆ ಅದು. ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ಹೆಂಗಸಿಗೆ 5 ಅಡಿ 10 ಅಂಗುಲ ಉದ್ದ, ಅಷ್ಟೇ ಅಗಲ. ಹುಡುಗಿಗೆ 4 ಅಡಿ 6 ಅಂಗುಲ ಉದ್ದ, 1 ಅಡಿ ಅಗಲ. ಆ ಅಳತೆಯ ಪ್ರಕಾರ ಪುಟ್ಟ ಪುಟ್ಟ ಮನುಷ್ಯಾಕೃತಿಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋದಾಗ ಕಾಗದದ ಮೇಲೆ ಬೆರಳಿಡುವ ಜಾಗ ಉಳಿಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. 1788ರ ಹೊಸ ಕಾನೂನಿನಂತೆ ಆ ಹಡಗು 454 ಮಂದಿಯನ್ನು ಒಯ್ಯಬಹುದಾಗಿತ್ತು. ಅದಕ್ಕೆ ಮುಂಚೆ ಅದು 600ಕ್ಕೂ ಹೆಚ್ಚು ಮಂದಿಯನ್ನು ಒಯ್ದದ್ದಕ್ಕೆ ಸಾಕ್ಷ್ಯವಿತ್ತು. ಸಂಘದವರು ಆರುನೂರನ್ನೇ ಚಿತ್ರಿಸಿ ಕಣ್ಣೀರು ಹರಿಸಬಹುದಾಗಿತ್ತು. ಹಾಗೆ ಮಾಡದೆ ಕಾನೂನು ಕೊಟ್ಟ ಲೆಕ್ಕಕ್ಕೆ ಹತ್ತಿರವಾಗಿ ಚಿತ್ರಿಸಿ, ವಾಸ್ತವ ಇದಕ್ಕಿಂತ ಘೋರವಾಗಿತ್ತೆಂದು ಕೆಳಗೆ ಅಚ್ಚು ಹಾಕಿದರು. ಉತ್ಪ್ರೇಕ್ಷೆ ಎಂದು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಅಲಂಕಾರಶಾಸ್ತ್ರ ಪಾಠ ಹೇಳುವ ನಾನು ತರಗತಿಯಲ್ಲಿ ಅತಿಶಯೋಕ್ತಿಯ ಸೊಗಸನ್ನು ಎಷ್ಟಾದರೂ ಕೊಂಡಾಡುತ್ತೇನೆ. ಆದರೆ ಸಂಘದ ಮನವಿಯಲ್ಲಿ ನಿಜಕ್ಕಿಂತ ಒಂದು ತೂಕ ಕಡಿಮೆ ಹೇಳುವುದೇ ಹೆಚ್ಚು ಬಲವುಳ್ಳದ್ದು. ಕೊರತೆಯನ್ನು ಓದುವವನ ಹೃದಯ ತುಂಬಿಕೊಳ್ಳುತ್ತದೆ.

ಕಂಡಾಯಿತು, ಕರಗಿದ್ದಾಯಿತು. ಮುಂದೆ? ಸಭೆ ಮುಗಿಸಿ ಮನೆಗೆ ಹೋದವನು ನಾಳೆ ಬೆಳಗ್ಗೆ ಏನು ಮಾಡಬೇಕು? ಇದನ್ನು ಹೇಳದ ಮನವಿ ಅರ್ಧ ಕಟ್ಟಿದ ಸೇತುವೆ. ಇಂಗ್ಲೆಂಡಿನ ಚಳವಳಿ ಎರಡು ಕೆಲಸಗಳನ್ನು ತೋರಿಸಿತು. ಮೊದಲನೆಯದು ಸಹಿ. ಮ್ಯಾಂಚೆಸ್ಟರಿನವರು ಪಾರ್ಲಿಮೆಂಟಿಗೆ ಬಿನ್ನವತ್ತಳೆ ಸಿದ್ಧಪಡಿಸಿ ಹತ್ತು ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರು. ನೀವೂ ಹೀಗೆ ಮಾಡಿರೆಂದು ಇತರ ಊರುಗಳ ವೃತ್ತಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. 1788ರಲ್ಲಿ ನೂರಕ್ಕೂ ಹೆಚ್ಚು ಬಿನ್ನವತ್ತಳೆಗಳು ಬಂದವು, 1792ರಲ್ಲಿ 519. ಆ ವರ್ಷ ಸಹಿ ಹಾಕಿದವರು ಸುಮಾರು 3,90,000 ಮಂದಿ. ಅವರಲ್ಲಿ ಬಹುಮಂದಿಗೆ ಮತದಾನದ ಹಕ್ಕೇ ಇರಲಿಲ್ಲ. ಮತವಿಲ್ಲದವನಿಗೂ ಮಾತುಂಟು ಎಂದು ಆ ದೇಶಕ್ಕೆ ಈ ಸಂಘ ತೋರಿಸಿಕೊಟ್ಟಿತು.

ಎರಡನೆಯ ಕೆಲಸ ಅಡಿಗೆಮನೆಗೆ ಸೇರಿದ್ದು. 1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತ, ಗುಲಾಮರು ಬೆಳೆದ ಸಕ್ಕರೆಯನ್ನು ಬಿಡಿರೆಂದು ಕರಪತ್ರ ಬರೆದ. ಅದು ಇಪ್ಪತ್ತೈದು ಮುದ್ರಣಗಳನ್ನು ಕಂಡಿತು. ವಾರಕ್ಕೆ ಐದು ಪೌಂಡು ಸಕ್ಕರೆ ಬಳಸುವ ಸಂಸಾರ ಇಪ್ಪತ್ತೊಂದು ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ಇಲ್ಲವೆ ಸಾಯುವುದು ತಪ್ಪುತ್ತದೆಂದು ಅವನು ಲೆಕ್ಕ ಹಾಕಿಕೊಟ್ಟ. ಆ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಒಪ್ಪುವರೋ ಇಲ್ಲವೋ, ಗೃಹಿಣಿಯರು ಒಪ್ಪಿದರು. ಮೂರು ಲಕ್ಷ ಮಂದಿ ಸಕ್ಕರೆ ಬಿಟ್ಟರೆಂದು ಕ್ಲಾರ್ಕ್‌ಸನ್ನನ ಅಂದಾಜು. ಇದು ಸಂಘದ ಅಪ್ಪಣೆಯಿಂದ ನಡೆದದ್ದಲ್ಲ. ಸಂಘ ತೆರೆದ ಕಣ್ಣುಗಳು ತಾವೇ ಕಂಡುಕೊಂಡ ದಾರಿ.

ಇಷ್ಟೆಲ್ಲ ಆದ ಮೇಲೆ ಜಯ ಕೂಡಲೆ ಬಂದಿತೆ? ಬರಲಿಲ್ಲ. 1789ರ ಮೇ 12ರಂದು ಪಾರ್ಲಿಮೆಂಟಿನಲ್ಲಿ ವಿಲ್ಬರ್‌ಫೋರ್ಸ್ ಮೂರೂವರೆ ಗಂಟೆ ಮಾತಾಡಿದ. 1792ರಲ್ಲಿ ಕೆಳಮನೆ ‘ಕ್ರಮೇಣ’ ಎಂಬ ಒಂದು ಪದ ಸೇರಿಸಿ ಒಪ್ಪಿತು. ಮೇಲ್ಮನೆ ಅದನ್ನೂ ತಡೆಯಿತು. ಮರುವರ್ಷ ಫ್ರಾನ್ಸಿನೊಡನೆ ಯುದ್ಧ ಹತ್ತಿತು. ಸುಧಾರಣೆಯ ಮಾತಾಡಿದವರೆಲ್ಲ ದೇಶದ್ರೋಹಿಗಳಂತೆ ಕಂಡರು. ಕ್ಲಾರ್ಕ್‌ಸನ್ ಸವಾರಿ ಮಾಡಿ ಮಾಡಿ ಆರೋಗ್ಯ ಕೆಡಿಸಿಕೊಂಡು ಹಲವು ವರ್ಷ ಹಿಂದೆ ಸರಿದ. ಗುಲಾಮರ ಸಾಗಣೆಯನ್ನು ನಿಷೇಧಿಸಿದ ಕಾನೂನಿಗೆ ರಾಜನ ಒಪ್ಪಿಗೆ ಬಿದ್ದದ್ದು 1807ರ ಮಾರ್ಚ್ 25ರಂದು. ಇಪ್ಪತ್ತು ವರ್ಷ! ಆದರೆ ಆ ಇಪ್ಪತ್ತು ವರ್ಷವೂ ನಕ್ಷೆ ಗೋಡೆಯ ಮೇಲಿತ್ತು, ಬಿಲ್ಲೆ ಡಬ್ಬಿಯ ಮೇಲಿತ್ತು. ಚೆನ್ನಾಗಿ ಹೇಳಿದ ಮಾತು, ಹೇಳಿದವರು ದಣಿದು ಕುಳಿತಾಗಲೂ ಕೆಲಸ ಮಾಡುತ್ತಿರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಇದೊಂದು ಯಶೋಗಾಥೆಯಾಗಿ ಮುಗಿದೀತು. ಆದರೆ ಚರಿತ್ರೆಯ ಇನ್ನೊಂದು ಮಗ್ಗುಲನ್ನು ನೋಡದೆ ಇದರ ಪಾಠ ಪೂರ್ಣವಾಗದು. ವೆಜ್‌ವುಡ್ಡನ ಬಿಲ್ಲೆಯನ್ನು ಮತ್ತೊಮ್ಮೆ ನೋಡಿ. ಆ ಮನುಷ್ಯ ಮಂಡಿಯೂರಿದ್ದಾನೆ, ಕೈಮುಗಿದಿದ್ದಾನೆ. ಅವನಿಗೆ ಹೆಸರಿಲ್ಲ. ಅವನ ಪ್ರಶ್ನೆಯನ್ನು ಬರೆದವರೂ ಬೇರೆಯವರೇ. ನೋಡಿದವನಲ್ಲಿ ಕನಿಕರ ಹುಟ್ಟುತ್ತದೆ ನಿಜ. ಆದರೆ ತಾನು ಮೇಲೆ, ಅವನು ಕೆಳಗೆ ಎಂಬ ಭಾವವೂ ಕನಿಕರದ ಜೊತೆಯಲ್ಲೇ ಹುಟ್ಟುತ್ತದೆ. ನಿಜವಾಗಿ ಆ ಜನ ಮಂಡಿಯೂರಿ ಕುಳಿತಿರಲಿಲ್ಲ. 1791ರಲ್ಲಿ ಇಂದಿನ ಹೈಟಿಯ ಗುಲಾಮರು ಬಂಡೆದ್ದು ಕೊನೆಗೆ ತಮ್ಮದೇ ರಾಜ್ಯ ಕಟ್ಟಿದರು. ಹಡಗಿನಲ್ಲಿ ಅನ್ನ ಬಿಟ್ಟವರೂ ಹೋರಾಡುತ್ತಲೇ ಇದ್ದರು. ಬಾಯಿ ತೆರೆಯುವ ಆ ಉಪಕರಣವೇ ಅದಕ್ಕೆ ಸಾಕ್ಷಿ.

ಅವರ ಸ್ವಂತ ಬಾಯಿಂದ ಬಂದ ಮಾತು ಎಷ್ಟು ಬೇರೆಯಾಗಿತ್ತೆಂಬುದಕ್ಕೆ ಒಲೌಡ ಇಕ್ವಿಯಾನೊ ಎಂಬಾತನ ಆತ್ಮಕಥೆ ಉದಾಹರಣೆ. ಗುಲಾಮನಾಗಿ ಮಾರಲ್ಪಟ್ಟು, ಸಣ್ಣಪುಟ್ಟ ವ್ಯಾಪಾರದಿಂದ ಹಣ ಕೂಡಿಸಿ, 1766ರಲ್ಲಿ ನಲವತ್ತು ಪೌಂಡು ತೆತ್ತು ತನ್ನನ್ನು ತಾನೇ ಬಿಡಿಸಿಕೊಂಡವನು ಆತ. ವಿಮೆಯ ಹಣಕ್ಕಾಗಿ ನೂರಮೂವತ್ತಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದ ಜಾಂಗ್ ಹಡಗಿನ ಸುದ್ದಿಯನ್ನು 1783ರಲ್ಲಿ ಶಾರ್ಪ್‌ನಿಗೆ ಮುಟ್ಟಿಸಿದವನೂ ಆತನೇ. 1789ರಲ್ಲಿ ಮುಂಗಡ ಚಂದಾ ಕೂಡಿಸಿ ತನ್ನ ಪುಸ್ತಕ ಪ್ರಕಟಿಸಿದ. ಚಂದಾದಾರರಲ್ಲಿ ಇಂಗ್ಲೆಂಡಿನ ಯುವರಾಜನೂ ಇದ್ದ. ಬಳಿಕ ನಮ್ಮ ಗಳಗನಾಥರು ಕಾದಂಬರಿಗಳ ಹೊರೆ ಹೊತ್ತು ತಿರುಗಿದಂತೆ ಊರೂರು ತಿರುಗಿ ತಾನೇ ಮಾರಿದ. ಆತನ ಜೀವಿತಕಾಲದಲ್ಲಿಯೇ ಒಂಬತ್ತು ಮುದ್ರಣಗಳಾದವು. ಬಿಲ್ಲೆಯ ಮನುಷ್ಯ ‘ನಾನು ಮನುಷ್ಯನಲ್ಲವೆ?’ ಎಂದು ಕೇಳುತ್ತಿದ್ದ. ಇಕ್ವಿಯಾನೊ ಕೇಳಲಿಲ್ಲ. ತನ್ನ ಹೆಸರು, ಕಂಡದ್ದು, ಉಂಡದ್ದು ಎಲ್ಲವನ್ನೂ ಹೇಳಿದ. ಓದಿದವನಿಗೆ ಆ ಪ್ರಶ್ನೆಯೇ ಅಸಂಬದ್ಧವಾಗಿ ಕಂಡಿತು.

ಬೇರೆಯವರ ಪರವಾಗಿ ಮಾತಾಡುವವರು ಎಷ್ಟೇ ಸಜ್ಜನರಾಗಿರಲಿ, ಒಂದು ಹಂತದಲ್ಲಿ ರಾಜಿಗೆ ಇಳಿಯುತ್ತಾರೆ. ನೋವು ಅವರ ಮೈಮೇಲಿನದಲ್ಲವಷ್ಟೆ? ಸಾಗಣೆ ನಿಂತರೂ ಗುಲಾಮಗಿರಿ ಉಳಿಯಿತು. ಶಾರ್ಪ್‌ನ ಹಟ ಸುಮ್ಮನೆ ಹಟವಾಗಿರಲಿಲ್ಲ. 1823ರಲ್ಲಿ ಹೊಸ ಸಂಘ ಹುಟ್ಟಿದಾಗ ಅದರ ಹೆಸರಿನಲ್ಲಿಯೇ ‘ಕ್ರಮೇಣ’ ಎಂಬ ಪದವಿತ್ತು. ಲೆಸ್ಟರಿನ ಎಲಿಜಬೆತ್ ಹೇರಿಕ್ ಎಂಬಾಕೆ ಮರುವರ್ಷವೇ, ಕ್ರಮೇಣ ಅಲ್ಲ, ಈಗಲೇ ಎಂದು ಕರಪತ್ರ ಬರೆದಳು. ಮಹಿಳಾ ಸಂಘಗಳವರು, ಆ ಪದ ತೆಗೆಯದಿದ್ದರೆ ನಮ್ಮ ಚಂದಾ ಬರದು ಎಂದರು. 1830ರಲ್ಲಿ ಪದ ಬಿದ್ದುಹೋಯಿತು. ಮರುವರ್ಷದ ಕೊನೆಗೆ ಜಮೈಕಾದ ಗುಲಾಮರು ದಂಗೆ ಎದ್ದರು. 1833ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನಾಯಿತು. ಪರಿಹಾರವೆಂದು ಎರಡು ಕೋಟಿ ಪೌಂಡು ಮಂಜೂರಾಯಿತು, ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಬಾಕಿಯನ್ನು ಬ್ರಿಟಿಷ್ ಸರಕಾರ ಪೂರ್ತಿ ತೀರಿಸಿದ್ದು 2015ರಲ್ಲಿ.

ಈ ಕತೆ ನಮ್ಮ ದೇಶವನ್ನು ಮುಟ್ಟುವುದೂ ಇಲ್ಲಿಯೇ. 1820ರ ದಶಕದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ, ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆದ ಬಟ್ಟಲುಗಳು ಹೆಮ್ಮೆಯಿಂದ ಕುಳಿತಿದ್ದವು. ಆದರೆ ಕಂಪನಿಯ ಆಡಳಿತದ ಭಾರತವನ್ನು 1833ರ ಕಾನೂನಿನಿಂದ ಹೊರಗಿಡಲಾಯಿತು. ಇಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಅಷ್ಟೇ ಅಲ್ಲ. ಗುಲಾಮರು ಬಿಟ್ಟುಹೋದ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1834ರಿಂದ ಮಾರಿಷಸ್ಸಿಗೆ, 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ, ಮುಂದೆ ಟ್ರಿನಿಡಾಡ್, ನಟಾಲ್, ಫಿಜಿಗಳಿಗೆ ಭಾರತದ ಕೂಲಿಗಳು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದರು. ‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಹತ್ತು ಲಕ್ಷಕ್ಕೂ ಮಿಕ್ಕ ಜನ ಹೀಗೆ ಹೋದರು. ಇಂಗ್ಲೆಂಡಿನಲ್ಲಿ ಪ್ರತಿಭಟಿಸಿದವರು ಇರಲಿಲ್ಲವೆಂದಲ್ಲ. ಆದರೆ ಬ್ರೂಕ್ಸ್ ಹಡಗಿನ ನಕ್ಷೆ ಮಾಡಿದ ಕೆಲಸವನ್ನು ಈ ಜನರಿಗಾಗಿ ಮಾಡುವ ಚಿತ್ರ ಬಹುಕಾಲ ಹುಟ್ಟಲಿಲ್ಲ.

ಕೊನೆಗೆ ಅಂಥ ಕೆಲಸ ಮಾಡಿದವುಗಳಲ್ಲಿ ಒಂದು ಸಣ್ಣ ಹಿಂದೀ ಪುಸ್ತಕ ಸೇರಿತ್ತು. ತೋತಾರಾಮ ಸನಾಢ್ಯರೆಂಬವರು 1893ರಲ್ಲಿ ಮೋಸಹೋಗಿ ಕರಾರಿನ ಕೂಲಿಯಾಗಿ ಫಿಜಿಗೆ ಹೋದವರು. ಇಪ್ಪತ್ತೊಂದು ವರ್ಷ ಅಲ್ಲಿದ್ದು 1914ರಲ್ಲಿ ಭಾರತಕ್ಕೆ ಮರಳಿದರು. ಅವರು ಹೇಳುತ್ತ ಹೋದದ್ದನ್ನು ಬನಾರಸೀದಾಸ ಚತುರ್ವೇದಿಯವರು ಬರೆದುಕೊಂಡರು. ಚತುರ್ವೇದಿಯವರು ವಿದ್ಯಾವಂತರು, ಬರವಣಿಗೆ ಬಲ್ಲವರು; ಆದರೆ ಪುಸ್ತಕ ಹೊರಬಂದದ್ದು ಸನಾಢ್ಯರ ಹೆಸರಿನಲ್ಲಿ, ‘ಫಿಜಿ ದ್ವೀಪದಲ್ಲಿ ನನ್ನ ಇಪ್ಪತ್ತೊಂದು ವರ್ಷ’ ಎಂಬ ಅರ್ಥ ಬರುವ ಶೀರ್ಷಿಕೆಯಲ್ಲಿ. ‘ಅವರ’ ಅಲ್ಲ, ‘ನನ್ನ’. ಅದು ಬೇರೆ ಭಾರತೀಯ ಭಾಷೆಗಳಿಗೂ ತರ್ಜುಮೆಯಾಗಿ ಕರಾರು ಕೂಲಿಯ ವಿರುದ್ಧ ಎದ್ದ ಕೂಗಿಗೆ ಬಲ ಕೊಟ್ಟಿತು. 1917ರಲ್ಲಿ ಕೂಲಿಗಳ ಭರ್ತಿ ನಿಂತಿತು. 1920ರಲ್ಲಿ ಫಿಜಿಯ ಉಳಿದ ಕರಾರುಗಳೂ ರದ್ದಾದವು.

ನಮ್ಮ ಸಂಘಗಳಿಗೆ ಬರೆದುಕೊಡುವ, ತಿದ್ದಿಕೊಡುವ ನನ್ನಂಥವರ ಮುಂದೆ ಹೀಗೆ ಎರಡು ಮಾದರಿಗಳಿವೆ. ಒಂದು ಹನ್ನೆರಡು ಮಂದಿಯ ಸಂಘ ಕಲಿಸಿದ್ದು: ಒಂದೇ ಬೇಡಿಕೆ ಇರಲಿ, ಆದರ್ಶವನ್ನು ಹೇಳುವ ಮೊದಲು ಅಳತೆಯನ್ನು ಹೇಳಿ, ಇದ್ದದ್ದಕ್ಕಿಂತ ಹೆಚ್ಚು ಹೇಳಬೇಡಿ, ಕೇಳಿದವನ ಕೈಗೆ ನಾಳೆಯ ಕೆಲಸವೊಂದನ್ನು ಕೊಡಿ. ಕರಪತ್ರದ ಬದಲು ಫೋನಿನ ಪರದೆಯ ಮೇಲೆ ಮನವಿ ಬರುವ ಈ ದಿನಗಳಲ್ಲೂ ಇದರಲ್ಲಿ ಬದಲಾಗಬೇಕಾದದ್ದು ಏನೂ ಇಲ್ಲ. ಇನ್ನೊಂದು ಚತುರ್ವೇದಿಯವರು ಕಲಿಸಿದ್ದು, ಮೊದಲನೆಯದಕ್ಕಿಂತ ಕಷ್ಟದ್ದು. ಅಂಧರ ಶಾಲೆಯ ಮನವಿಯಲ್ಲಿ ಅಂಧ ಹುಡುಗಿ ತಾನು ಯಾವ ಪುಸ್ತಕ ಓದಬಯಸುತ್ತಾಳೆಂದು ತಾನೇ ಹೇಳಲಿ. ವಿದ್ಯಾರ್ಥಿನಿಲಯದ ವರದಿಯಲ್ಲಿ ಅಧ್ಯಕ್ಷರ ಭಾವಚಿತ್ರ ಇರುವ ಪುಟದಲ್ಲಿ ಹುಡುಗನೊಬ್ಬ ತನ್ನ ಊರಿನಿಂದ ಇಲ್ಲಿಗೆ ಬಂದ ದಾರಿಯನ್ನು ಬರೆಯಲಿ. ಅವರ ವಾಕ್ಯ ತೊದಲಿದರೆ ತೊದಲಲಿ. ತಿದ್ದುವ ಲೇಖನಿ ಅಲ್ಲಿ ಕಾಗುಣಿತವನ್ನು ಮುಟ್ಟಬಹುದು. ‘ನಾನು’ ಎಂಬ ಪದವನ್ನು ಮಾತ್ರ ಮುಟ್ಟಬಾರದು.